ಕವಿತೆಯ ಕ್ರಿಯಾಪದವನ್ನು ಕೇಳಿ: ಕನ್ನಡ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಾಗಲೂಬಾರದು, ನಿಯಮವೇ ಹಾಗಿದೆ. ಎಲ್ಲೋ ಕೂತು ಕನ್ನಡ ಪ್ರಶ್ನೆಪತ್ರಿಕೆ ಬರೆದು, ಲಕೋಟೆ ಮುಚ್ಚಿ ಕಳಿಸುವವರು ನೀವು. ನಾನು ಇನ್ನೊಂದು ತುದಿಯವನು. ನಿಮ್ಮ ಪ್ರಶ್ನೆಗೆ ಮಕ್ಕಳು ಬರೆದ ಉತ್ತರಗಳ ಬಂಡಲ್ ಬಿಚ್ಚಿ, ಕೆಂಪು ಪೆನ್ನು ಹಿಡಿದು ಕೂರುವ ಕನ್ನಡ ಮೇಷ್ಟ್ರು. ಹೆಸರೇ ಗೊತ್ತಿಲ್ಲದವರಿಗೆ ಪತ್ರ ತಲುಪಿಸಬೇಕೆಂದರೆ ಎಲ್ಲರ ಮುಂದೆ ಓದಿ ಹೇಳುವುದೊಂದೇ ದಾರಿ, ಅಲ್ವಾ? ಅದಕ್ಕೇ ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ತಕರಾರು ಒಂದು ಪ್ರಶ್ನೆಯ ಬಗ್ಗೆ. ‘ಈ ಕವಿತೆಯಲ್ಲಿ ಕವಿಯ ದೇಶಪ್ರೇಮ ಹೇಗೆ ವ್ಯಕ್ತವಾಗಿದೆ? ವಿವರಿಸಿ.’ ನಾಲ್ಕು ಅಂಕ. ಕೆಲವು ಸಲ ‘ದೇಶಪ್ರೇಮ’ದ ಜಾಗದಲ್ಲಿ ‘ನಾಡಪ್ರೇಮ’ ಇರುತ್ತದೆ. ಕೆಲವು ಸಲ ‘ಕವಿಯ ಜೀವನದರ್ಶನ’ ಇರುತ್ತದೆ. ಉಳಿದದ್ದೆಲ್ಲ ಹಾಗೇ. ಈ ಪ್ರಶ್ನೆಗೆ ನಾನು ಹುಡುಗನಾಗಿದ್ದಾಗ ಉತ್ತರ ಬರೆದಿದ್ದೇನೆ, ಮೇಷ್ಟ್ರಾದ ಮೇಲೆ ಉತ್ತರ ಬರೆಸಿದ್ದೇನೆ. ಅಂದರೆ ಈ ಪಾಪದಲ್ಲಿ ನನ್ನದೂ ಪಾಲಿದೆ. ಆ ಪಾಲಿನ ಕತೆಯನ್ನೇ ಮೊದಲು ಹೇಳಿಬಿಡುತ್ತೇನೆ.

ಒಂದು ವರ್ಷ ಮೌಲ್ಯಮಾಪನದಲ್ಲಿ ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡಿನ ಮೇಲೆ ಈ ಪ್ರಶ್ನೆ ಬಂದಿತ್ತು. ಮಧ್ಯಾಹ್ನದ ಹೊತ್ತು. ಫ್ಯಾನ್ ಗಾಳಿಗೆ ಹಾಳೆ ಹಾರದಂತೆ ಮೊಣಕೈ ಊರಿಕೊಂಡು ತಿದ್ದುತ್ತಿದ್ದೆ. ಒಂದಾದ ಮೇಲೊಂದು ಪತ್ರಿಕೆಯಲ್ಲಿ ಒಂದೇ ಉತ್ತರ. ಗೈಡಿನಿಂದ ಬಂದದ್ದು. ‘ಕವಿಯು ನಾಡಿನ ಗತವೈಭವವನ್ನು ಮನಮುಟ್ಟುವಂತೆ ವರ್ಣಿಸಿದ್ದಾರೆ. ನಾಡಿನ ವೀರರನ್ನೂ ಕವಿಗಳನ್ನೂ ಸ್ಮರಿಸಿದ್ದಾರೆ.’ ಇಂಥದ್ದನ್ನು ಓದುವುದೂ ಬೇಡ. ಕಣ್ಣು ಹಾಯಿಸಿ ಟಿಕ್ ಹಾಕುತ್ತಾ ಹೋದರೆ ಸಾಕು.

ಆಗ ಒಂದು ಪತ್ರಿಕೆ ಬಂತು. ದುಂಡು ಅಕ್ಷರ. ನೀಲಿ ಇಂಕು ಅಲ್ಲಲ್ಲಿ ಬೆವರಿಗೆ ಹರಡಿತ್ತು. ಉತ್ತರ ಇಷ್ಟೇ: ‘ಕವಿ ಉದಯವಾಗಲಿ ಎಂದು ಬರೆದಿದ್ದಾರೆ. ಉದಯವಾಯಿತು ಎಂದು ಬರೆದಿಲ್ಲ. ಅಂದರೆ ಆಗ ನಾಡು ಇರಲಿಲ್ಲ. ಇಲ್ಲದೇ ಇರುವುದನ್ನು ಪ್ರೀತಿ ಮಾಡುವುದು ಕಷ್ಟ. ಅದಕ್ಕೇ ಹಾಡು ಬರೆದರು ಅನಿಸುತ್ತದೆ.’

ಐದು ವಾಕ್ಯ. ನಾನು ಸ್ಕೀಮ್ ನೋಡಿದೆ. ಗತವೈಭವ ಒಂದು ಅಂಕ, ವೀರರು ಒಂದು ಅಂಕ, ಕವಿಗಳು ಒಂದು ಅಂಕ, ಭಾಷೆ-ಶೈಲಿಗೆ ಒಂದು. ಈ ಉತ್ತರದಲ್ಲಿ ಅದ್ಯಾವುದೂ ಇರಲಿಲ್ಲ. ಸ್ಕೀಮಿನ ತುದಿಯಲ್ಲಿ ‘ಇತರ ಸೂಕ್ತ ಉತ್ತರಗಳನ್ನೂ ಪರಿಗಣಿಸಿ’ ಎಂಬ ಸಾಲು ಇತ್ತು, ಇಲ್ಲ ಅಂತ ಹೇಳುವುದಿಲ್ಲ. ಆದರೆ ಸೂಕ್ತವೋ ಅಲ್ಲವೋ ಎಂದು ತೀರ್ಮಾನಿಸಿದರೆ ಆಮೇಲೆ ಮೇಲಿನವರಿಗೆ ಉತ್ತರ ಕೊಡಬೇಕಾದವನು ನಾನು. ಬಂಡಲ್ ಇನ್ನೂ ಅರ್ಧ ಬಾಕಿ ಇತ್ತು. ಒಂದು ಅಂಕ ಕೊಟ್ಟು ಮುಂದಕ್ಕೆ ಹೋದೆ.

ಯಾರೂ ನನ್ನ ಕೈ ಹಿಡಿದಿರಲಿಲ್ಲ. ನಾನೇ ಕೊಟ್ಟ ಒಂದು ಅಂಕ ಅದು.

ಆ ಮಗು ಬರೆದದ್ದು ಎಷ್ಟು ಸರಿ ಎಂದು ನೋಡಿ. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಅಲ್ಲಿ ಈ ಹಾಡು ಹಾಡಿದರು. ಆಗ ಕನ್ನಡ ನಾಡು ಅನ್ನುವುದು ನಕಾಶೆಯಲ್ಲಿ ಇರಲಿಲ್ಲ. ಒಂದಷ್ಟು ಮುಂಬೈ ಪ್ರಾಂತ್ಯದಲ್ಲಿ, ಒಂದಷ್ಟು ಮದ್ರಾಸಿನಲ್ಲಿ, ಒಂದಷ್ಟು ನಿಜಾಮರ ಹೈದರಾಬಾದಿನಲ್ಲಿ, ಮೈಸೂರು ಬೇರೆ, ಕೊಡಗು ಬೇರೆ. ಗದಗಿನಲ್ಲಿ ವಕೀಲಿ ಮಾಡುತ್ತಿದ್ದ ಒಬ್ಬರು ಇಲ್ಲದ ನಾಡಿಗೆ ಹಾಡು ಕಟ್ಟಿದರು. ರಾಜ್ಯ ಒಂದಾಗಲು ಅಲ್ಲಿಂದ 32 ವರ್ಷ ಬೇಕಾಯಿತು. ಆಗಲೂ ಅದರ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಹಾಡು ಹುಟ್ಟಿದ ಅರ್ಧ ಶತಮಾನದ ಮೇಲೆ.

ಇಷ್ಟೆಲ್ಲ ಇತಿಹಾಸ ‘ಆಗಲಿ’ ಎಂಬ ಒಂದು ಕ್ರಿಯಾಪದದಲ್ಲಿ ಇದೆ. ನಾವು ಅದನ್ನು ವ್ಯಾಕರಣದಲ್ಲಿ ವಿಧ್ಯರ್ಥಕ ಅನ್ನುತ್ತೇವೆ. ಹಾರೈಕೆಗೆ, ಅಪ್ಪಣೆಗೆ ಬಳಸುವ ರೂಪ. ಆ ಹಾಡಿನಲ್ಲಿ ಗತವೈಭವದ ಪಟ್ಟಿ ಇದೆ, ನಿಜ. ಆದರೆ ಆ ಪಟ್ಟಿಯ ಜವಾಬ್ದಾರಿ ಬೇರೆ. ಆಗದೇ ಇರುವುದಕ್ಕೆ ಸಾಕ್ಷಿ ಒದಗಿಸುವ ಕೆಲಸ ಅದರದು. ವಕೀಲರು ಬರೆದದ್ದಲ್ವಾ!

ತಮಾಷೆ ಏನೆಂದರೆ ಅದೇ ಪ್ರಶ್ನೆಪತ್ರಿಕೆಯ ಇನ್ನೊಂದು ಭಾಗದಲ್ಲಿ ನೀವು ಕ್ರಿಯಾಪದ ಕೇಳಿರುತ್ತೀರಿ. ‘ವಿಧ್ಯರ್ಥಕ ರೂಪ ಬರೆಯಿರಿ: ಮಾಡು, ಹೋಗು.’ ಅದಕ್ಕೆ ಬೇರೆ ಅಂಕ. ಪದ್ಯ ಒಂದು ಕಡೆ, ವ್ಯಾಕರಣ ಒಂದು ಕಡೆ. ಮಧ್ಯೆ ಗೋಡೆ. ನಾನು ಈ ಪತ್ರದಲ್ಲಿ ಕೇಳುತ್ತಿರುವುದು ಆ ಗೋಡೆ ಒಡೆಯಿರಿ ಅಂತ. ಒಬ್ಬ ಕವಿಗೆ ದೇಶದ ಬಗ್ಗೆ, ಬದುಕಿನ ಬಗ್ಗೆ ಏನನಿಸುತ್ತದೆ ಎಂಬುದು ಕವಿತೆಯ ಸಾರಾಂಶದಲ್ಲಿ ಸಿಗುವುದಕ್ಕಿಂತ ಜಾಸ್ತಿ ಅದರ ಕ್ರಿಯಾಪದದಲ್ಲಿ, ವಿಭಕ್ತಿಯಲ್ಲಿ, ‘ನಾನು-ನೀವು-ನಾವು’ಗಳಲ್ಲಿ ಸಿಗುತ್ತದೆ. ಇದು ದೊಡ್ಡ ಸಿದ್ಧಾಂತವೇನಲ್ಲ. ಮೇಷ್ಟ್ರಾಗಿ ಪಾಠ ಮಾಡುತ್ತಾ ಮಾಡುತ್ತಾ ಕಂಡುಕೊಂಡದ್ದು.

ನಾವೆಲ್ಲ ದಿನಾ ಹಾಡುವ ನಾಡಗೀತೆಯನ್ನೇ ತೆಗೆದುಕೊಳ್ಳಿ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ ಅಧಿಕೃತವಾಗಿ ನಾಡಗೀತೆ ಆದದ್ದು 2004ರಲ್ಲಿ. ಮೊದಲ ಸಾಲಿನಲ್ಲಿ ಕರ್ನಾಟಕ ಭಾರತದ ಮಗಳು. ಮುಂದಿನ ಸಾಲಿನಲ್ಲೇ ನಮಗೆ ತಾಯಿ. ಹಾಗಾದರೆ ಭಾರತ ನಮಗೆ ಏನಾಗಬೇಕು? ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗ ಲೆಕ್ಕ ಹಾಕಿ ‘ಅಜ್ಜಿ ಸಾರ್’ ಅಂದ. ಎಲ್ಲರೂ ನಕ್ಕರು. ನನಗೆ ಮಾತ್ರ ಅದು ಆ ಕವಿತೆಯ ಬಗ್ಗೆ ನಾನು ಕೇಳಿದ ಒಳ್ಳೆಯ ಮಾತುಗಳಲ್ಲಿ ಒಂದು ಅನಿಸಿತು. ನಾಡು ದೊಡ್ಡದೋ ದೇಶ ದೊಡ್ಡದೋ ಎಂಬ ಜಗಳವನ್ನು ಕುವೆಂಪು ವಾದ ಮಾಡಿ ಬಗೆಹರಿಸಲಿಲ್ಲ. ಸುಮ್ನೆ ಸಂಬಂಧ ಬದಲಾಯಿಸಿದರು. ಅಜ್ಜಿಗೂ ಅಮ್ಮನಿಗೂ ಜಗಳ ಹಚ್ಚುವ ಮೊಮ್ಮಗನನ್ನು ಯಾರೂ ಮೆಚ್ಚುವುದಿಲ್ಲವಲ್ಲ.

ಅದೇ ಗೀತೆಯಲ್ಲಿ ರಾಜರಿಗೆ ಸಿಕ್ಕ ಜಾಗ ಎಷ್ಟು ಎಣಿಸಿದ್ದೀರಾ? ತೈಲಪ, ಹೊಯ್ಸಳರಿಗೆ ಒಂದು ಸಾಲು. ಅದರ ಜೋಡಿ ಸಾಲು ಕಲ್ಲು ಕೆತ್ತಿದವರಿಗೆ. ಕವಿಗಳು ಮಾತ್ರ ರನ್ನನಿಂದ ಜನ್ನನವರೆಗೆ ಆರು ಜನ ಒಂದೇ ಉಸಿರಿನಲ್ಲಿ ಬಂದುಬಿಡುತ್ತಾರೆ. ನಾನಕ, ಕಬೀರರೂ ಬರುತ್ತಾರೆ. ಕನ್ನಡ ನಾಡಿನ ಹಾಡಿನಲ್ಲಿ ಕಬೀರ ಯಾಕೆ ಬಂದ? ಇದು ನಾಲ್ಕು ಅಂಕಕ್ಕೆ ತಕ್ಕ ಪ್ರಶ್ನೆ. ಒಬ್ಬ ಲೇಖಕನ ದರ್ಶನ ಅವನ ಪಟ್ಟಿಯಲ್ಲಿ ಕಾಣುತ್ತದೆ. ಯಾರನ್ನು ಕರೆದ, ಯಾರಿಗೆ ಎಷ್ಟು ಜಾಗ ಕೊಟ್ಟ, ಯಾರ ಪಕ್ಕ ಯಾರನ್ನು ಕೂರಿಸಿದ ಎನ್ನುವುದರಲ್ಲಿ.

ಇಷ್ಟೆಲ್ಲ ನಾಡಿನ ಮೇಲೆ ಮೋಹ ಇಟ್ಟುಕೊಂಡ ಅದೇ ಕವಿ ಇನ್ನೊಂದು ಕವಿತೆಯಲ್ಲಿ ತನ್ನ ಚೇತನಕ್ಕೆ ‘ಅನಿಕೇತನ’ ಆಗು ಅನ್ನುತ್ತಾರೆ. ಎಲ್ಲಿಯೂ ನಿಲ್ಲಬೇಡ, ಮನೆ ಕಟ್ಟಬೇಡ. ಅಲ್ಲಿ ಕ್ರಿಯಾಪದ ‘ಕಟ್ಟದಿರು’. ನಿಷೇಧ. ಮಧ್ಯಮ ಪುರುಷ, ಏಕವಚನ. ಯಾರಿಗೆ ಹೇಳುತ್ತಿದ್ದಾರೆ? ತನಗೇ. ಬೇರೆಯವರಿಗೆ ‘ಮನೆ ಬಿಡಿ’ ಎಂದು ಉಪದೇಶ ಮಾಡುವುದು ಸುಲಭ. ಏಕವಚನದಲ್ಲಿ ತನಗೇ ಹೇಳಿಕೊಳ್ಳುವುದು ಬೇರೆ.

ಈಗ ಇದರ ಪಕ್ಕ ಗೋಪಾಲಕೃಷ್ಣ ಅಡಿಗರ ‘ಕಟ್ಟುವೆವು ನಾವು ಹೊಸ ನಾಡೊಂದನು’ ಇಡಿ. ‘ಕಟ್ಟುವೆವು ನಾವು’ ಸಂಕಲನ ಬಂದದ್ದು 1948ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ. ಧಾತು ಅದೇ, ‘ಕಟ್ಟು’. ಒಬ್ಬರು ಕಟ್ಟದಿರು ಅಂದರು, ಇನ್ನೊಬ್ಬರು ಕಟ್ಟುವೆವು ಅಂದರು. ಒಂದು ಏಕವಚನ, ಇನ್ನೊಂದು ಬಹುವಚನ. ಒಂದು ಆತ್ಮಕ್ಕೆ, ಇನ್ನೊಂದು ಜೊತೆಗಾರರಿಗೆ. ಯಾರು ಸರಿ ಎಂದು ಕೇಳಬೇಡಿ. ಇಬ್ಬರನ್ನೂ ಅಕ್ಕಪಕ್ಕ ಇಟ್ಟರೆ ಮಕ್ಕಳು ತಾವೇ ಮಾತಾಡುತ್ತಾರೆ, ನಾನು ನೋಡಿದ್ದೇನೆ.

ಅಡಿಗರ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದೆ ಅವರೇ ‘ನೆಹರೂ ನಿವೃತ್ತರಾಗುವುದಿಲ್ಲ’ ಎಂಬ ಕವಿತೆ ಬರೆದರು. ‘ಕಟ್ಟುವೆವು’ ಎಂದ ಬಾಯಲ್ಲಿ ‘ಆಗುವುದಿಲ್ಲ’. ಆಳುವವರನ್ನು ಚುಚ್ಚಿದ್ದು ದೇಶಪ್ರೇಮವೋ ಅಲ್ಲವೋ? ನಿಮ್ಮ ಪ್ರಶ್ನೆಗೆ ಇದರಲ್ಲಿ ಉತ್ತರ ಇಲ್ಲ, ಯಾಕೆಂದರೆ ನಿಮ್ಮ ಪ್ರಶ್ನೆ ಹೊಗಳಿಕೆಯನ್ನು ಮಾತ್ರ ಹುಡುಕುತ್ತದೆ. ಕನಸು ಕಂಡವನಿಗೇ ಸಿಟ್ಟು ಬರುವುದು. ಕನಸೇ ಕಾಣದವನಿಗೆ ಯಾರು ನಿವೃತ್ತರಾದರೇನು, ಬಿಟ್ಟರೇನು.

ವಿಭಕ್ತಿಯ ವಿಷಯಕ್ಕೆ ಬರುತ್ತೇನೆ, ಇದು ನನಗೆ ಬಹಳ ಇಷ್ಟದ ಭಾಗ. ನಾಡು-ನುಡಿಯ ಹಾಡುಗಳಲ್ಲಿ ಜಾಸ್ತಿ ಸಿಗುವುದು ಸಂಬೋಧನೆ. ಮಾತೆಯೇ, ತಾಯೇ, ಜನನಿಯೇ. ಮಂಜೇಶ್ವರದ ಗೋವಿಂದ ಪೈಗಳು ‘ತಾಯೆ ಬಾರ, ಮೊಗವ ತೋರ’ ಎಂದು ಕರೆದರು. ಕರೆಯುವುದೆಂದರೆ ಎದುರಿಗೆ ಇಲ್ಲ ಎಂದೇ ಅರ್ಥ. ಮುಖ ತೋರಿಸು ಎಂದು ಕೇಳಬೇಕಾದರೆ ಮುಖ ಕಾಣುತ್ತಿಲ್ಲ. 1956ರಲ್ಲಿ ರಾಜ್ಯಗಳ ಗಡಿ ಹಾಕಿದಾಗ ಮಂಜೇಶ್ವರ ಕೇರಳಕ್ಕೆ ಹೋಯಿತು. ಈ ಸಂಗತಿ ಗೊತ್ತಿದ್ದು ಆ ಸಾಲು ಓದಿದರೆ ಗಂಟಲು ಬೇರೆ ಥರ ಕಟ್ಟುತ್ತದೆ. ಅದೇ ಕಾಸರಗೋಡಿನ ಕಡೆಯ ಕಯ್ಯಾರ ಕಿಞ್ಞಣ್ಣ ರೈಗಳು ‘ಬೆಂಕಿ ಬಿದ್ದಿದೆ ಮನೆಗೆ’ ಎಂದು ಕೂಗಿದರು. ಅವರು ತಾಯಿಯನ್ನು ಕರೆಯಲಿಲ್ಲ, ನೆರೆಯವರನ್ನು ಕರೆದರು. ಬೆಂಕಿ ಬಿದ್ದಾಗ ಮಾಡುವ ಕೆಲಸವೇ ಅದು.

ಆಮೇಲೆ ಸಿದ್ಧಲಿಂಗಯ್ಯ ಬಂದರು. ‘ಯಾರಿಗೆ ಬಂತು, ಎಲ್ಲಿಗೆ ಬಂತು, ನಲವತ್ತೇಳರ ಸ್ವಾತಂತ್ರ್ಯ?’ ಸಂಬೋಧನೆ ಹೋಯಿತು, ಚತುರ್ಥಿ ಬಂತು. ಯಾರಿ-ಗೆ, ಎಲ್ಲಿ-ಗೆ. ಕೊಡುವುದು, ತಲುಪುವುದು, ಸಲ್ಲುವುದು ಇಂಥದ್ದಕ್ಕೆಲ್ಲ ನಾವು ಬಳಸುವ ವಿಭಕ್ತಿ ಅದು. ದೇಶ ಏನು ಎಂದು ಅವರು ಕೇಳಲಿಲ್ಲ. ಅದು ಯಾರಿಗೆ ತಲುಪಿತು ಎಂದು ಕೇಳಿದರು. ಒಂದು ‘ಗೆ’ ಪ್ರತ್ಯಯ ಬಾಗಿಲು ತಟ್ಟುವ ಹಾಗೆ ಎರಡೆರಡು ಸಲ ಬಡಿಯುತ್ತದೆ. ಆ ಸಾಲುಗಳು ಪುಸ್ತಕದಲ್ಲಿ ಓದಿದವರಿಗಿಂತ ಬೀದಿಯಲ್ಲಿ ಹಾಡಿದವರಿಗೆ ಚೆನ್ನಾಗಿ ಗೊತ್ತು. ‘ಚತುರ್ಥೀ ವಿಭಕ್ತಿಗೆ ಒಂದು ಉದಾಹರಣೆ ಕೊಡಿ’ ಎಂದು ನೀವು ಪ್ರತಿ ವರ್ಷ ಕೇಳುತ್ತೀರಿ. ಮಕ್ಕಳು ‘ರಾಮನಿಗೆ’ ಎಂದು ಬರೆಯುತ್ತಾರೆ. ಯಾರಾದರೂ ಒಬ್ಬರು ‘ಯಾರಿಗೆ’ ಎಂದು ಬರೆಯಲಿ ಎಂದು ನಾನು ಕಾಯುತ್ತಿದ್ದೇನೆ.

ಸರ್ವನಾಮದ ಮಾತು ಬಂದರೆ ನಿಸಾರ್ ಅಹಮದ್ ಅವರನ್ನು ಬಿಡಲಾಗದು. ‘ಜೋಗದ ಸಿರಿ ಬೆಳಕಿನಲ್ಲಿ’ ಗೊತ್ತಿಲ್ಲದ ಕನ್ನಡಿಗ ಇಲ್ಲ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲಂತೂ ಅದು ಮನೆಮಾತು. ನಾವು ಅವರನ್ನು ನಿತ್ಯೋತ್ಸವದ ಕವಿ ಎಂದು ಕರೆದು ಕೈತೊಳೆದುಕೊಂಡೆವು. ಆದರೆ ಅವರದೇ ಇನ್ನೊಂದು ಕವಿತೆಯ ಹೆಸರು ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’. ನಿತ್ಯೋತ್ಸವದಲ್ಲಿ ನಾಡು ತಾಯಿ, ಕವಿ ಮಗ, ಮಧ್ಯೆ ಯಾರೂ ಇಲ್ಲ. ಈ ಕವಿತೆಯಲ್ಲಿ ಮಧ್ಯೆ ‘ನೀವು’ ಬಂದು ನಿಂತಿದ್ದೀರಿ. ತಾಯಿಯ ಜೊತೆ ಯಾವ ತೊಂದರೆಯೂ ಇಲ್ಲ, ತೊಂದರೆ ಇರುವುದು ಅಣ್ಣತಮ್ಮಂದಿರ ಜೊತೆ. ಇವೆರಡನ್ನೂ ಒಬ್ಬರೇ ಬರೆದರು. ಒಂದನ್ನು ಮಾತ್ರ ಪಾಠ ಮಾಡಿ ‘ಕವಿಯ ನಾಡಪ್ರೇಮ’ ಎಂದು ತಲೆಬರಹ ಹಾಕಿದರೆ, ಆ ಪ್ರೇಮಕ್ಕೆ ಅವರು ಏನು ಬೆಲೆ ಕೊಟ್ಟರು ಎನ್ನುವುದನ್ನು ಅಳಿಸಿಹಾಕಿದ ಹಾಗೆ.

ಬೆಲೆ ಅಂದ ತಕ್ಷಣ ಬೇಂದ್ರೆ ನೆನಪಾಗುತ್ತಾರೆ. ಅವರ ‘ನರಬಲಿ’ ಕವಿತೆ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಬಿತ್ತು. ಹಿಂಡಲಗಾ ಜೈಲು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ನಿರ್ಬಂಧ. ಕವಿ ಪರಿಚಯದಲ್ಲಿ ಇದು ಒಂದು ಸಾಲಾಗಿ ಬರುತ್ತದೆ, ‘ಸ್ವಾತಂತ್ರ್ಯ ಹೋರಾಟದಲ್ಲಿ ಭಾಗವಹಿಸಿದರು’ ಅಂತ. ಅಂಕ ಅರ್ಧ. ಸರಿ, ಇರಲಿ. ನಾನು ಹೇಳಬೇಕೆಂದಿರುವುದು ಬೇರೆ. ‘ನರಬಲಿ’ ಇರುವುದು 1932ರ ‘ಗರಿ’ ಸಂಕಲನದಲ್ಲಿ. ಅದೇ ‘ಗರಿ’ಯಲ್ಲಿ ‘ಹಕ್ಕಿ ಹಾರುತಿದೆ ನೋಡಿದಿರಾ’ ಕೂಡ ಇದೆ. ಆ ಹಕ್ಕಿ ಕಾಲದ ಹಕ್ಕಿ. ಅದು ರಾಜ್ಯ, ಸಾಮ್ರಾಜ್ಯಗಳ ತೆನೆ ಒಕ್ಕುತ್ತದೆ, ‘ಮಂಡಲ ಗಿಂಡಲ’ಗಳನ್ನು ಮುಕ್ಕುತ್ತದೆ.

ಈ ‘ಗಿಂಡಲ’ದ ಹತ್ತಿರ ಸ್ವಲ್ಪ ನಿಲ್ಲಿ. ನಿಘಂಟಿನಲ್ಲಿ ಗಿಂಡಲ ಎಂಬ ಪದಕ್ಕೆ ಅರ್ಥ ಹುಡುಕಬೇಡಿ. ನಾವು ಪುಸ್ತಕ ಗಿಸ್ತಕ, ಪರೀಕ್ಷೆ ಗಿರೀಕ್ಷೆ ಅನ್ನುವುದಿಲ್ಲವೇ? ಒಂದು ವಸ್ತುವಿಗೆ ‘ಗಿ’ ಹಚ್ಚಿದರೆ ಅದರ ಗತ್ತು ಇಳಿಯುತ್ತದೆ. ಆ ಕಾಲದಲ್ಲಿ ಸೂರ್ಯ ಮುಳುಗದ ಸಾಮ್ರಾಜ್ಯ ಎಂದು ಬೀಗುತ್ತಿದ್ದವರ ಮಂಡಲಕ್ಕೆ ಬೇಂದ್ರೆ ಒಂದು ಗಿಂಡಲ ಹಚ್ಚಿಬಿಟ್ಟರು. ಭಾಷಣ ಇಲ್ಲ, ಧಿಕ್ಕಾರ ಇಲ್ಲ. ಜೈಲಿಗೆ ಕಳಿಸಿದ ಅಧಿಕಾರಿಗಳಿಗೆ ‘ನರಬಲಿ’ ಕಂಡಿತು, ಗಿಂಡಲ ಕಾಣಲಿಲ್ಲ ಅಂತ ನನಗೆ ಒಳಗೊಳಗೇ ಖುಷಿ. ಮನೆಯಲ್ಲಿ ಆಡುವ ಕನ್ನಡ ಗೊತ್ತಿಲ್ಲದವರಿಗೆ ಅದು ಸಿಕ್ಕುವುದೂ ಇಲ್ಲ.

ಆದರೆ ಆ ಹಕ್ಕಿ ಶತ್ರುವಿನ ರಾಜ್ಯವನ್ನು ಮಾತ್ರ ಮುಕ್ಕುವುದಿಲ್ಲ. ನಮ್ಮದನ್ನೂ ಮುಕ್ಕುತ್ತದೆ. ದೇಶಕ್ಕಾಗಿ ಜೈಲಿಗೆ ಹೋದವನ ಅದೇ ಸಂಕಲನದಲ್ಲಿ, ಯಾವ ಸಾರ್ವಭೌಮನ ನೆತ್ತಿಯೂ ಉಳಿಯದು ಎಂಬ ದರ್ಶನವೂ ಇದೆ. ಇದು ವಿರೋಧವೋ, ಎರಡೂ ಒಂದೇ ಮನಸ್ಸಿನವೋ? ನನಗೆ ಎರಡನೆಯದು ಸರಿ ಅನಿಸುತ್ತದೆ. ಯಾವ ಸಾಮ್ರಾಜ್ಯವೂ ಶಾಶ್ವತವಲ್ಲ ಎಂದು ಮನಸಾರೆ ನಂಬಿದವನಿಗೆ ಮಾತ್ರ ಅದರ ಎದುರು ನಿಲ್ಲುವ ಧೈರ್ಯ ಬರುತ್ತದೆ. ಆದರೆ ಇದು ನನ್ನ ಉತ್ತರ. ಇದನ್ನು ದಯವಿಟ್ಟು ಸ್ಕೀಮಿಗೆ ಸೇರಿಸಬೇಡಿ.

ಬಿರುದುಗಳ ಬಗ್ಗೆ ಒಂದು ಮಾತು. ಗೋವಿಂದ ಪೈಗಳಿಗೆ 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಬಿರುದು ಕೊಟ್ಟಿತು. ಆ ರಾಷ್ಟ್ರಕವಿಯ ಹೆಸರುವಾಸಿಯಾದ ಎರಡು ಖಂಡಕಾವ್ಯಗಳು ಯಾವುದರ ಮೇಲೆ? ‘ಗೊಲ್ಗೊಥಾ’ ಕ್ರಿಸ್ತನ ಕೊನೆಯ ದಿನದ ಮೇಲೆ, ‘ವೈಶಾಖಿ’ ಬುದ್ಧನ ಕೊನೆಯ ದಿನದ ಮೇಲೆ. ‘ರಾಷ್ಟ್ರಕವಿ ಎಂದರೆ ಯಾರು?’ ಎಂದು ಕೇಳಿದರೆ ಮಕ್ಕಳು ‘ರಾಷ್ಟ್ರದ ಬಗ್ಗೆ ಬರೆದವರು’ ಎಂದು ಬರೆಯುತ್ತಾರೆ. ಅವರ ತಪ್ಪಲ್ಲ.

ಇನ್ನು ಡಿ.ವಿ.ಜಿ. ಪತ್ರಿಕೆ ನಡೆಸಿದ, ಸಾರ್ವಜನಿಕ ವಿಷಯಗಳ ಬಗ್ಗೆ ಬಿಡದೆ ಬರೆದ ಮನುಷ್ಯ. 1943ರಲ್ಲಿ ಬದುಕಿನ ಬಗ್ಗೆ ಹೇಳಬೇಕಾದಾಗ ಮಂಕುತಿಮ್ಮ ಎಂಬ ಪೆದ್ದನ ಹೆಸರು ಹಾಕಿಕೊಂಡರು. ಪತ್ರಕರ್ತನಾಗಿ ಖಚಿತವಾಗಿ ಮಾತಾಡಬಹುದು, ದರ್ಶನ ಹೇಳುವಾಗ ನಾನು ಮಂಕನೇ ಅಂತ. ನೀವು ಕಗ್ಗದ ‘ಸಂದೇಶ’ ಕೇಳುತ್ತೀರಿ. ತಿಮ್ಮ ಯಾಕೆ ಮಂಕ ಎಂದು ಒಮ್ಮೆಯೂ ಕೇಳಿಲ್ಲ.

ಕತೆ-ಕಾದಂಬರಿಯಲ್ಲಿ ತೊಂದರೆ ಇನ್ನೂ ದೊಡ್ಡದು. ಕವಿತೆಯಲ್ಲಾದರೂ ‘ನಾನು’ ಎಂದರೆ ಕವಿ ಎಂದು ಒಂದು ಅಂದಾಜು ಇಟ್ಟುಕೊಳ್ಳಬಹುದು. ಕಾದಂಬರಿಯಲ್ಲಿ ಹತ್ತಾರು ಜನ ಮಾತಾಡುತ್ತಾರೆ. ಅವರಲ್ಲಿ ಲೇಖಕ ಯಾರು? ಯಾರೋ ಒಂದು ಪಾತ್ರ ಹೇಳಿದ ಚಂದದ ಮಾತನ್ನು ಹೆಕ್ಕಿ ‘ಲೇಖಕರ ಅಭಿಪ್ರಾಯ’ ಎಂದು ಬರೆಸುತ್ತೇವೆ. ಟ್ಯಾಗೋರರ ‘ಘರೇ ಬಾಯಿರೆ’ಯಲ್ಲಿ ಹಾಗೆ ಮಾಡಿದರೆ ಗತಿ ಏನು ನೋಡಿ. 1916ರ ಕಾದಂಬರಿ ಅದು. ಸ್ವದೇಶಿ ಚಳವಳಿಯ ಕಾಲದ ಬಂಗಾಳದ ಕತೆ. ಮೂವರು ಸರದಿಯ ಮೇಲೆ ತಮ್ಮ ತಮ್ಮ ಕತೆ ಹೇಳುತ್ತಾರೆ. ಅವರಲ್ಲಿ ದೇಶದ ಬಗ್ಗೆ ಬೆಂಕಿಯಂತೆ ಮಾತಾಡುವವನು ಸಂದೀಪ. ಕೇಳಿದವರು ಮರುಳಾಗುತ್ತಾರೆ. ಅವನೇ ಕಾದಂಬರಿಯಲ್ಲಿ ಎಲ್ಲರಿಗಿಂತ ನಂಬಲಾಗದ ಮನುಷ್ಯ. ಇದನ್ನು ಬರೆದವರು ‘ಜನ ಗಣ ಮನ’ ಬರೆದವರೇ. ಸಂದೀಪನ ಒಂದು ಸಾಲು ಕೊಟ್ಟು ‘ಇಲ್ಲಿ ಲೇಖಕರ ದೇಶಭಕ್ತಿ ಹೇಗೆ ವ್ಯಕ್ತವಾಗಿದೆ’ ಎಂದು ಕೇಳಿದರೆ ನಮ್ಮ ಸ್ಕೀಮಿನ ಪ್ರಕಾರ ನಾಲ್ಕಕ್ಕೆ ನಾಲ್ಕು ಸಿಗುತ್ತದೆ!

ಕಾದಂಬರಿಕಾರ ತನ್ನ ದರ್ಶನವನ್ನು ಮಾತಿಗಿಂತ ಜಾಸ್ತಿ ವಸ್ತುಗಳ ಮೇಲೆ, ನಡೆದ ಘಟನೆಗಳ ಮೇಲೆ ಹೊರಿಸುತ್ತಾನೆ. ಶಿವರಾಮ ಕಾರಂತರು ಗಾಂಧೀಜಿಯ ಕರೆ ಕೇಳಿ ಕಾಲೇಜು ಬಿಟ್ಟವರು. ದೇಶದ ಬಗ್ಗೆ ಅವರು ಎಷ್ಟು ಬೇಕಾದರೂ ಭಾಷಣ ಬರೆಯಬಹುದಿತ್ತು. 1933ರಲ್ಲಿ ‘ಚೋಮನ ದುಡಿ’ ಬರೆದರು. ಚೋಮನ ಹತ್ತಿರ ಒಂದು ಜೋಡಿ ಎತ್ತಿದೆ. ಉಳಲು ನೆಲವಿಲ್ಲ. ಅವನ ಜಾತಿಯವನು ಸ್ವಂತಕ್ಕೆ ಬೇಸಾಯ ಮಾಡುವ ಹಾಗಿಲ್ಲ. ಎತ್ತು ಇದ್ದೂ ನೆಲವಿಲ್ಲದ ಮನುಷ್ಯ: ಇದಕ್ಕಿಂತ ಚೆನ್ನಾಗಿ ಇನ್ನಾವ ಪ್ರಬಂಧ ಹೇಳೀತು? ಅವನ ಹತ್ತಿರ ಉಳಿದದ್ದು ದುಡಿ. ಕೊನೆಗೂ ಅದನ್ನೇ ಬಾರಿಸುತ್ತಾ ಸಾಯುತ್ತಾನೆ. ಮಾತು ಹೇಳಬೇಕಾದ ಕಡೆಯೆಲ್ಲ ಆ ಕಾದಂಬರಿಯಲ್ಲಿ ಡೋಲಿನ ಸದ್ದು ಕೇಳುತ್ತದೆ. ಸಿದ್ಧಲಿಂಗಯ್ಯನವರ ‘ಯಾರಿಗೆ ಬಂತು’ ಪ್ರಶ್ನೆಯನ್ನು ಕಾರಂತರು ಸ್ವಾತಂತ್ರ್ಯ ಬರುವ 14 ವರ್ಷ ಮೊದಲೇ ಕೇಳಿದ್ದರು, ಬೇರೆ ಥರ. ನಾವು ‘ಚೋಮನ ಪಾತ್ರಚಿತ್ರಣ ಮಾಡಿ’ ಎಂದು ಕೇಳುತ್ತೇವೆ. ಮಕ್ಕಳು ‘ಚೋಮ ಸ್ವಾಭಿಮಾನಿ, ಕುಡುಕ, ದುಡಿಪ್ರಿಯ’ ಎಂದು ಬರೆಯುತ್ತಾರೆ. ದುಡಿಪ್ರಿಯ! ಈ ಪದವನ್ನು ನಾನು ಉತ್ತರಪತ್ರಿಕೆಯಲ್ಲೇ ಮೊದಲು ನೋಡಿದ್ದು.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ನನಗೆ ಇನ್ನೂ ಅಚ್ಚರಿ. ಪುಸ್ತಕ ಬಂದದ್ದು 1956ರಲ್ಲಿ. ಕೊಡಗು ಕನ್ನಡ ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ಅಂಥ ಹೊತ್ತಿನಲ್ಲಿ 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದ ಕತೆ ಬರೆಯುವವರು ಇಂಗ್ಲಿಷರನ್ನು ರಾಕ್ಷಸರನ್ನಾಗಿ ಮಾಡಬಹುದಿತ್ತು. ಮಾಸ್ತಿ ಅದನ್ನು ಮಾಡಲಿಲ್ಲ. ಅರಮನೆಯ ಒಳಗೆ ಕರೆದುಕೊಂಡು ಹೋದರು. ರಾಜನ ಕ್ರೌರ್ಯ, ಅವನ ಜೊತೆಗಾರ ಕುಂಟ ಬಸವ, ಬೇಸತ್ತ ಮಂತ್ರಿಗಳು, ಎಲ್ಲ ಗೊತ್ತಿದ್ದೂ ಗಂಡನನ್ನು ತಿದ್ದಲು ನೋಡುವ ರಾಣಿ ಗೌರಮ್ಮ. ಹೊರಗಿನವರು ಬರುವ ಮೊದಲೇ ಒಳಗಿನಿಂದ ಎಲ್ಲ ಸಡಿಲವಾಗಿತ್ತು. ಇದನ್ನು ಹೇಳಲು ಅವರು ದನಿ ಎತ್ತುವುದೇ ಇಲ್ಲ. ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಹಳೆಯ ಕತೆ ಹೇಳಿದ ಹಾಗೆ. ನಮ್ಮವರ ತಪ್ಪನ್ನು ಇಷ್ಟು ತಣ್ಣಗೆ ಹೇಳಲು ನಮ್ಮವರ ಮೇಲೆ ಎಷ್ಟು ಪ್ರೀತಿ ಇರಬೇಕು! ಈ ದನಿಯನ್ನು ಯಾವ ಅಂಕದಲ್ಲಿ ಅಳೆಯುತ್ತೀರಿ?

ಕುವೆಂಪು ‘ಮಲೆಗಳಲ್ಲಿ ಮದುಮಗಳು’ವಿನ ಬಾಗಿಲಲ್ಲೇ ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಬರೆದಿಟ್ಟರು. ಬರೆದಿಡುವುದು ಸುಲಭ. ಆ ಮಾತನ್ನು ಪುಟಗಟ್ಟಲೆ ನಿಭಾಯಿಸುವುದು ಕಷ್ಟ. ಅವರು ಜೀತದಾಳು ಗುತ್ತಿಗೂ ಅವನ ನಾಯಿ ಹುಲಿಯನಿಗೂ ಹೆಗ್ಗಡೆಗಳಿಗೆ ಕೊಟ್ಟಷ್ಟೇ ಗಮನ ಕೊಟ್ಟರು. ವಿವೇಕಾನಂದರು ಶಿಕಾಗೋದಲ್ಲಿ ಮಾತಾಡಿದ ಕಾಲದ ಕತೆ ಅದು, ಆ ಸುದ್ದಿಯೂ ಕಾದಂಬರಿಗೆ ಬರುತ್ತದೆ. ಆದರೆ ಲೋಕದ ಆ ದೊಡ್ಡ ಸುದ್ದಿಯ ಪಕ್ಕ ಕಾಡಿನ ದಾರಿಯ ಒಂದು ನಾಯಿ ಸಣ್ಣದಾಗುವುದಿಲ್ಲ. ಅಲ್ಲಿ ದರ್ಶನ ಇರುವುದು ಆ ಅನುಪಾತದಲ್ಲಿ.

ಈಗ ನಿಮ್ಮ ಕಡೆಯ ಮಾತು. ನನಗೆ ಗೊತ್ತು, ನಿಮ್ಮ ಕೆಲಸ ಸುಲಭವಲ್ಲ. ರಾಶಿ ರಾಶಿ ಪತ್ರಿಕೆಗಳನ್ನು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಮೇಷ್ಟ್ರುಗಳು ತಿದ್ದುತ್ತಾರೆ. ಒಬ್ಬರು ಮೂರು ಕೊಟ್ಟು ಇನ್ನೊಬ್ಬರು ಒಂದು ಕೊಟ್ಟರೆ ಮಕ್ಕಳಿಗೆ ಅನ್ಯಾಯ. ಅದಕ್ಕೇ ಸ್ಕೀಮ್ ಬೇಕು. ಮುಕ್ತ ಪ್ರಶ್ನೆ ಕೇಳಿದರೆ ‘ಪಠ್ಯದಲ್ಲಿ ಇಲ್ಲದ್ದು ಕೇಳಿದ್ದಾರೆ’ ಎಂದು ಮಾರನೇ ದಿನವೇ ಗಲಾಟೆ. ಇದೆಲ್ಲ ನಿಜ. ಆದರೆ ನಾನು ಕೇಳುತ್ತಿರುವುದು ಪಠ್ಯದ ಹೊರಗಿನದ್ದಲ್ಲ. ಕವಿತೆಯಲ್ಲಿರುವ ಒಂದು ಪದದ ಮೇಲೆ ಬೆರಳಿಟ್ಟು ‘ಇದು ಯಾಕೆ ಹೀಗಿದೆ’ ಎಂದು ಕೇಳಿ ಅಂತ. ಇದಕ್ಕೆ ಗೈಡಿನಲ್ಲಿ ಉತ್ತರ ಇರುವುದಿಲ್ಲ, ಕನಿಷ್ಠ ಮೊದಲ ವರ್ಷ. ವ್ಯಾಕರಣವನ್ನು ಬಾಯಿಪಾಠ ಮಾಡಿದ ಹುಡುಗನಿಗೂ ಅದು ಯಾತಕ್ಕೆ ಎಂದು ಗೊತ್ತಾಗುತ್ತದೆ.

ಮಾದರಿಗೆ ಕೆಲವು ಬರೆದಿದ್ದೇನೆ. ಬೇಕಾದರೆ ತಿದ್ದಿಕೊಳ್ಳಿ.

‘ಉದಯವಾಗಲಿ’ ಎಂಬುದನ್ನು ‘ಉದಯವಾಯಿತು’ ಎಂದು ಬದಲಿಸಿದರೆ ಹಾಡಿನಲ್ಲಿ ಏನು ಬದಲಾಗುತ್ತದೆ?

‘ಕಟ್ಟುವೆವು’, ‘ಕಟ್ಟದಿರು’: ಈ ಎರಡು ಕ್ರಿಯಾಪದಗಳ ಪುರುಷ, ವಚನ ಗುರುತಿಸಿ. ಇಬ್ಬರು ಕವಿಗಳು ಯಾರ ಜೊತೆ ಮಾತಾಡುತ್ತಿದ್ದಾರೆ?

‘ಮಂಡಲ ಗಿಂಡಲ’ದಲ್ಲಿ ‘ಗಿಂಡಲ’ ಇಲ್ಲದಿದ್ದರೆ ಏನು ನಷ್ಟ? ನಿಮ್ಮ ಮನೆಯಲ್ಲಿ ಹೀಗೆ ಯಾವ ಪದಕ್ಕೆ ‘ಗಿ’ ಹಚ್ಚುತ್ತಾರೆ?

ಚೋಮನಿಗೆ ಎತ್ತು ಇರದಿದ್ದರೆ ಕತೆ ಹೇಗಿರುತ್ತಿತ್ತು?

ಮೊದಲನೆಯ ಪ್ರಶ್ನೆ ನನ್ನದಲ್ಲ. ಅದನ್ನು ಆ ದುಂಡಕ್ಷರದ ಮಗುವಿನಿಂದ ಕದ್ದದ್ದು. ಅದು ಹುಡುಗಿಯೋ ಹುಡುಗನೋ ನನಗೆ ಗೊತ್ತಿಲ್ಲ. ಉತ್ತರಪತ್ರಿಕೆಯ ಮೇಲೆ ಹೆಸರು ಇರಲಿಲ್ಲ, ನಿಮ್ಮ ಪ್ರಶ್ನೆಪತ್ರಿಕೆಯ ಮೇಲೆ ನಿಮ್ಮ ಹೆಸರು ಇಲ್ಲದ ಹಾಗೆಯೇ. ನನ್ನ ಲೆಕ್ಕದಲ್ಲಿ ಆ ಮಗುವಿಗೆ ಇನ್ನೂ ಮೂರು ಅಂಕ ಬಾಕಿ ಇದೆ.

ಈ ಥರದ ಪ್ರಶ್ನೆಗಳು ನಿಮಗೆ ಒಪ್ಪಿಗೆಯಾದರೆ ಇನ್ನೂ ಒಂದಿಪ್ಪತ್ತು ಬರೆದು ಕೊಡುತ್ತೇನೆ. ಸ್ಕೀಮ್ ಮಾತ್ರ ನನ್ನನ್ನು ಕೇಳಬೇಡಿ.

ಇಂತಿ,
ಕೆಂಪು ಪೆನ್ನಿನ ಒಬ್ಬ ಕನ್ನಡ ಮೇಷ್ಟ್ರು